ಹತ್ತು ಮಂದಿಯ ಸಲಕರಣೆಗೆ ಒಬ್ಬ ಹೊಣೆಗಾರ

ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ಗುಡಿ ರಾಷ್ಟ್ರಕೂಟರ ಕೊನೆಗಾಲದಲ್ಲಿ ಎದ್ದು ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಬೆಳೆದದ್ದು. ಇಲ್ಲಿನ 987ರ ಶಾಸನ ಇಮ್ಮಡಿ ತೈಲಪನ ಆಳ್ವಿಕೆಗೆ ಸೇರಿದ್ದು. ಗುಡಿಯ ಚೆಲುವಿನ ಬಗ್ಗೆ ಬರೆದವರು ಬಹಳ ಮಂದಿ, ಅಂಥ ಗುಡಿಗಳನ್ನು ಕಟ್ಟಿದ ಸಲಕರಣೆಗಳ ಬಗ್ಗೆ ಬರೆದವರು ಕಡಿಮೆ. ಚಾಲುಕ್ಯರ ಗುಡಿಗಳ ದುಂಡು ಕಂಬಗಳಲ್ಲಿ ಒಂದರ ಮೇಲೊಂದು ಸುತ್ತಿದ ನುಣುಪು ಬಳೆಗಳನ್ನು ನೋಡಿದರೆ, ಬಳಪದ ಕಲ್ಲನ್ನು ತಿರುಗಿಸುತ್ತ ಉಳಿ ಹಿಡಿದು ಕಡೆದದ್ದು ತಿಳಿಯುತ್ತದೆ. ಆಳೆತ್ತರದ ಕಲ್ಲನ್ನು ತಿರುಗಿಸುವ ಸಾಧನ ಒಬ್ಬನೇ ನಡೆಸುವಂಥದ್ದಲ್ಲ. ಅದು ಹಲವು ಕೈ ಬೇಡುವ, ಲೆಕ್ಕ ತಪ್ಪಿದರೆ ಆಳನ್ನೇ ಕೆಡಹುವ, ಕೆಟ್ಟು ನಿಂತರೆ ಎಲ್ಲರ ಕೆಲಸವನ್ನೂ ನಿಲ್ಲಿಸುವ ಸಾಧನ. ಇಂಥದ್ದನ್ನು ಯಾರು ಮುಟ್ಟಬಹುದು, ಮುಟ್ಟಿದ್ದನ್ನು ಯಾರು ನೆನಪಿಟ್ಟುಕೊಳ್ಳಬೇಕು ಎಂಬ ಪ್ರಶ್ನೆ ಇಂದಿನ ಹಂಚಿಕೆಯ ವರ್ಕ್‌ಶಾಪುಗಳಲ್ಲಿ ಹೊಸದೆಂಬಂತೆ ಚರ್ಚೆಯಾಗುತ್ತಿದೆ. ಸದಸ್ಯ ಕಾರ್ಡು ತೋರಿಸಿದರೆ ಮಾತ್ರ ಗರಗಸಕ್ಕೆ ಕರೆಂಟು ಹರಿಯುವ ಏರ್ಪಾಡು ಅದಕ್ಕೆ ಈಗ ಸಿಕ್ಕಿರುವ ಉತ್ತರ. ಈ ಸೀಮೆಯ ಹಳೆಯ ವ್ಯವಸ್ಥೆ ಹೇಳುವುದು ಬೇರೆಯದನ್ನು: ಹಂಚಿಕೊಂಡ ಸಲಕರಣೆ ಉಳಿದದ್ದು ಬೀಗದಿಂದಲ್ಲ, ಗಂಟೆಗಳ ಲೆಕ್ಕದಿಂದಲೂ ಅಲ್ಲ, ಅದು ಸುಸ್ಥಿತಿಯಲ್ಲಿದ್ದರೆ ಮಾತ್ರ ತನ್ನ ಪಾಲು ಕೈಸೇರುವಂಥ ಒಬ್ಬ ಹೊಣೆಗಾರ ಅದರ ಪಕ್ಕದಲ್ಲಿದ್ದುದರಿಂದ.

1800ರಲ್ಲಿ ನಿಜಾಮ ಬಿಟ್ಟುಕೊಟ್ಟ ಸೀಮೆಗೆ ಥಾಮಸ್ ಮನ್ರೊ ಕಲೆಕ್ಟರಾಗಿ ಬಂದ. ಹರಪನಹಳ್ಳಿ ಪಾಳೆಯಪಟ್ಟೂ ಆ ಸೀಮೆಯೊಳಗೇ ಇತ್ತು. 1806ರ ತನ್ನ ವರದಿಯಲ್ಲಿ ಅವನು ಪ್ರತಿ ಹಳ್ಳಿಯೂ ತನ್ನ ಹನ್ನೆರಡು ಆಯಗಾರರೊಂದಿಗೆ ಪುಟ್ಟ ಗಣರಾಜ್ಯದಂತಿದೆ ಎಂದು ವಿವರಿಸಿದ. ಗೌಡ, ಶಾನುಭೋಗ, ತಳವಾರರ ಜೊತೆಗೆ ಕಮ್ಮಾರ, ಬಡಗಿ, ನೀರಗಂಟಿಗಳೂ ಈ ಹನ್ನೆರಡರೊಳಗೆ ಬರುತ್ತಿದ್ದರು. ಅವರ ಕೂಲಿ ಕೆಲಸಕ್ಕಿಷ್ಟು ಎಂದಲ್ಲ. ಸುಗ್ಗಿಯಲ್ಲಿ ಕಣದ ರಾಶಿಯಿಂದ ಇಷ್ಟು ಮೊರ, ಇಷ್ಟು ಸೇರು ಎಂದು ಸಲ್ಲುತ್ತಿತ್ತು. ಕುಲುಮೆಯನ್ನೇ ನೋಡಿ. ಮುಂಗಾರಿಗೆ ಮೊದಲು ರೆಂಟೆಯ ಕುಳ, ಕುಂಟೆಯ ಕುಡ ಹಿಡಿದು ರೈತ ಬರುತ್ತಾನೆ. ಇದ್ದಿಲು ಅವನೇ ತಂದಿರುತ್ತಾನೆ, ತಿದಿಯನ್ನೂ ಅವನೇ ಒತ್ತುತ್ತಾನೆ. ಕೆಂಪಗೆ ಕಾದ ಕಬ್ಬಿಣವನ್ನು ಇಕ್ಕಳದಲ್ಲಿ ತೆಗೆದು ಅಡಿಗಲ್ಲಿಗೆ ಇಡುವವನು, ಯಾವಾಗ ನೀರಿಗೆ ಅದ್ದಬೇಕೆಂದು ಬಣ್ಣ ನೋಡಿ ತೀರ್ಮಾನಿಸುವವನು ಮಾತ್ರ ಕಮ್ಮಾರ. ಬಳಕೆದಾರನಿಗೆ ಕುಲುಮೆಯೊಳಗೆ ಪ್ರವೇಶವಿದೆ, ಆದರೆ ಎಲ್ಲಿಯವರೆಗೆ ಎಂಬುದು ಖಚಿತ. ಎಷ್ಟು ಸಲ ಬಂದ ಎಂದು ಯಾರೂ ಬರೆದಿಡುವುದಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ: ಕುಳ ನಡುಹೊಲದಲ್ಲಿ ಮುರಿದರೆ ಬಿತ್ತನೆಯ ಹದ ತಪ್ಪುತ್ತದೆ, ರಾಶಿ ಸಣ್ಣದಾಗುತ್ತದೆ, ಕಮ್ಮಾರನ ಪಾಲೂ ಕುಗ್ಗುತ್ತದೆ.

ಕೆರೆಯ ತೂಬು ಇನ್ನೂ ನಾಜೂಕಿನದು. ಅದನ್ನು ಎತ್ತುವವನು ನೀರಗಂಟಿ ಒಬ್ಬನೇ. ಗೌಡನೇ ಆದರೂ ತೂಬಿಗೆ ತಾನಾಗಿ ಕೈ ಹಾಕುವುದು ಮರ್ಯಾದೆಯಲ್ಲ. ಅದೇ ಹೊತ್ತಿಗೆ ಯಾರ ಗದ್ದೆಗೆ ನೀರು ಹೋಯಿತು ಎಂಬುದು ಕಾಲುವೆಯ ಉದ್ದಕ್ಕೂ ಎಲ್ಲರ ಕಣ್ಣಿಗೆ ಬೀಳುತ್ತಿತ್ತು. ಅಧಿಕಾರ ಒಬ್ಬನದು, ಕಾವಲು ಎಲ್ಲರದು. ಬರೆದಿಡಬೇಕಾದದ್ದನ್ನು ಮಾತ್ರ ಕಲ್ಲಿನಲ್ಲೇ ಬರೆದರು. ಗುಡಿಯ ನಂದಾದೀಪಕ್ಕೆ ಗಾಣವೊಂದಕ್ಕೆ ಇಷ್ಟು ಸೊಲ್ಲಗೆ ಎಣ್ಣೆ ಎಂದು ಹೇಳುವ ಶಾಸನಗಳು ಕನ್ನಡ ನಾಡಿನ ತುಂಬ ಇವೆ. ಅವು ಗಾಣದ ಸುತ್ತುಗಳನ್ನು ಎಣಿಸುವುದಿಲ್ಲ, ಗಾಣವನ್ನು ಎಣಿಸುತ್ತವೆ. ಭೂಮಿ ಅಳೆಯುವ ಗಳೆಯ ಉದ್ದವನ್ನು ಗುಡಿಯಲ್ಲೇ ಗುರುತಿಸಿಡುವ ಪದ್ಧತಿಯ ಹಿಂದೆಯೂ ಇದೇ ವಿವೇಕವಿದೆ: ಗಳೆ ಯಾರ ಕೈಗೆ ಹೋದರೂ ಸರಿ, ಅದು ಸವೆದಿದೆಯೋ ಮೋಸವಾಗಿದೆಯೋ ಎಂದು ಯಾರು ಬೇಕಾದರೂ ಹೋಗಿ ಹಿಡಿದು ನೋಡಬಹುದಿತ್ತು.

ಇದಕ್ಕೆ ಬರುವ ಮೊದಲ ಆಕ್ಷೇಪ ಬಲವಾದದ್ದು, ಅದನ್ನು ಪಕ್ಕಕ್ಕೆ ಸರಿಸಿ ಮುಂದೆ ಹೋಗುವುದು ಅನ್ಯಾಯ. ಆ ವ್ಯವಸ್ಥೆಯಲ್ಲಿ ಪ್ರವೇಶ ನಿಯಂತ್ರಣವೆಂದರೆ ಬಹುಮಟ್ಟಿಗೆ ಜಾತಿಯ ನಿಯಂತ್ರಣ. ಹಗ್ಗ, ಮಿಣಿ, ನೀರೆತ್ತುವ ಕಪಿಲೆಯ ಚರ್ಮ ಇವನ್ನೆಲ್ಲ ಮಾಡಿಕೊಟ್ಟ ಮಾದಿಗರಿಗೆ ಅದೇ ಬಾವಿಯ ನೀರನ್ನು ತಾವಾಗಿ ಮುಟ್ಟುವ ಹಕ್ಕಿರಲಿಲ್ಲ. ಕಮ್ಮಾರನ ಮಗ ಕಮ್ಮಾರನೇ ಆಗಬೇಕು, ಹೆಣ್ಣುಮಕ್ಕಳ ಹೆಸರಂತೂ ಎಲ್ಲಿಯೂ ಇಲ್ಲ. ಮನ್ರೊ ಕಂಡ ಗಣರಾಜ್ಯದಲ್ಲಿ ಎಲ್ಲರೂ ಪ್ರಜೆಗಳಾಗಿರಲಿಲ್ಲ. ಲಿಖಿತ ಸದಸ್ಯತ್ವ ಬಿಡುಗಡೆಯಂತೆ ಕಂಡದ್ದು ಇದಕ್ಕಾಗಿಯೇ. 1904ರ ಸಹಕಾರ ಕಾಯ್ದೆಯ ಮರುವರ್ಷವೇ ತುಂಗಭದ್ರೆಯ ಆಚೆ, ಗದಗಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ಅದು ಸಾಲದ ಸಂಘ, ಸಲಕರಣೆಯದಲ್ಲ. ಆದರೆ ಹುಟ್ಟಿನಿಂದಲ್ಲದೆ ಷೇರಿನಿಂದ, ಪುಸ್ತಕದಲ್ಲಿನ ಹೆಸರಿನಿಂದ ಹಕ್ಕು ಬರುತ್ತದೆ ಎಂಬ ನಿಯಮ ಈ ಭಾಗಕ್ಕೆ ಬಂದದ್ದು ಇಂಥ ಸಂಘಗಳ ಮೂಲಕ. ಹಳೆಯ ವ್ಯವಸ್ಥೆಯಿಂದ ನಾವು ತೆಗೆದುಕೊಳ್ಳಬೇಕಾದದ್ದು ಹೊಣೆಯ ರೀತಿಯನ್ನು, ಹೊಣೆಗಾರನನ್ನು ಹುಟ್ಟಿನಿಂದ ಆರಿಸಿದ ಕ್ರಮವನ್ನಲ್ಲ. ಇವೆರಡನ್ನು ಬೇರ್ಪಡಿಸಲು ಸಾಧ್ಯ. ಸಹಕಾರ ಸಂಘದ ಕಾರ್ಯದರ್ಶಿಯನ್ನು ಯಾರೂ ವಂಶಾವಳಿ ನೋಡಿ ನೇಮಿಸುವುದಿಲ್ಲ.

ಎರಡನೆಯ ಆಕ್ಷೇಪ, ತಿದಿಗೂ ವಿದ್ಯುತ್ ಗರಗಸಕ್ಕೂ ಹೋಲಿಕೆ ಸಲ್ಲದು ಎಂಬುದು. ಕರೆಂಟಿನ ಯಂತ್ರ ಕ್ಷಣದಲ್ಲಿ ಬೆರಳು ಕತ್ತರಿಸುತ್ತದೆ, ಅಲ್ಲಿ ಊರವರ ಕಣ್ಗಾವಲು ಸಾಲದು. ನಿಜ. ಆದರೆ ಯಂತ್ರಗಳನ್ನು ಚೆನ್ನಾಗಿ ಬಲ್ಲವರು ಬರೆದ ಕಾನೂನೇ ಇದಕ್ಕೆ ಏನು ಮಾಡಿತು? 1948ರ ಕಾರ್ಖಾನೆ ಕಾಯ್ದೆಯ 22ನೇ ಕಲಮು, ಚಲಿಸುತ್ತಿರುವ ಯಂತ್ರದ ಭಾಗಗಳ ಬಳಿ ತಪಾಸಣೆಗೆ ಹೋಗುವವನು ವಿಶೇಷ ತರಬೇತಿ ಪಡೆದಿರಬೇಕು, ಮೈಗಂಟುವ ಉಡುಪು ತೊಟ್ಟಿರಬೇಕು, ಅವನ ಹೆಸರು ರಿಜಿಸ್ಟರಿನಲ್ಲಿ ದಾಖಲಾಗಿರಬೇಕು ಎಂದಿತು. (ಅಲ್ಲಿಯೂ ವಯಸ್ಕ ಗಂಡಸು ಎಂಬ ಷರತ್ತು ಸೇರಿತ್ತು ಎಂಬುದನ್ನು ಮರೆಯಬಾರದು.) ಆ ರಿಜಿಸ್ಟರು ಎಷ್ಟು ನಿಮಿಷ ಯಂತ್ರ ಓಡಿತು ಎಂದು ಕೇಳುತ್ತಿರಲಿಲ್ಲ; ಈ ಕೈಗೆ ಈ ಯಂತ್ರ ಗೊತ್ತೇ ಎಂದು ಕೇಳುತ್ತಿತ್ತು. ಕಾರ್ಡು ಓದುವ ಪೆಟ್ಟಿಗೆಯನ್ನು ಬಳಸುವುದಾದರೆ ಈ ಪ್ರಶ್ನೆಗಾಗಿ ಬಳಸಬೇಕು. ಬ್ಲೇಡು ಮೊಂಡಾದದ್ದನ್ನು, ಬೆಲ್ಟು ಸಡಿಲಾದದ್ದನ್ನು ಅದು ಕಾಣದು. ಅದನ್ನು ಕಾಣಲು ಆ ಯಂತ್ರವನ್ನು ತನ್ನದೆಂದುಕೊಂಡ ಒಬ್ಬರು ಬೇಕು.

2014ರ ಹೊತ್ತಿಗೆ ಕರ್ನಾಟಕ ಸರ್ಕಾರ ಹೋಬಳಿಗಳಲ್ಲಿ ಕೃಷಿ ಯಂತ್ರಧಾರೆ ಕೇಂದ್ರಗಳನ್ನು ತೆರೆಯತೊಡಗಿದಾಗ ಹಂಚಿಕೆಯ ಯಂತ್ರ ಹಳ್ಳಿಗೆ ಹೊಸ ರೂಪದಲ್ಲಿ ಮರಳಿತು. ಟ್ರ್ಯಾಕ್ಟರು, ರೋಟವೇಟರು, ಒಕ್ಕಣೆ ಯಂತ್ರ ಕೊಳ್ಳಲಾರದ ಸಣ್ಣ ರೈತನಿಗೆ ಅವು ಬಾಡಿಗೆಗೆ ದೊರೆಯುವುದು ದೊಡ್ಡ ಉಪಕಾರ. ಜಾತಿ ಕೇಳದೆ ರಸೀದಿ ಕೊಡುವುದು ಅದಕ್ಕಿಂತ ದೊಡ್ಡದು. ಆದರೆ ಗಂಟೆಯ ಬಾಡಿಗೆಯಲ್ಲಿ ಯಂತ್ರ ಹೆಚ್ಚು ಓಡಿದಷ್ಟೂ ಆದಾಯ ಕಾಣುತ್ತದೆ, ಸವೆತ ಕಾಣುವುದಿಲ್ಲ. ಓಡಿಸುವವನಿಗೆ ದಿನದ ಸಂಬಳ, ರೈತನಿಗೆ ಗಂಟೆಯ ಅವಸರ; ಹಲ್ಲು ಮುರಿದ ರೋಟವೇಟರು ಯಾರದೂ ಅಲ್ಲ. ಬಾಡಿಗೆಯ ಒಂದು ಪಾಲನ್ನು ತೆಗೆದಿಟ್ಟು, ಯಂತ್ರ ಸುಗ್ಗಿ ಮುಗಿಯುವವರೆಗೆ ಕೆಡದೆ ದುಡಿದರೆ ಅದರ ಚಾಲಕನಿಗೇ ಕೊಡಬಹುದು. ಅದರ ದುರಸ್ತಿಯ ಪುಸ್ತಕವನ್ನು ಕಪಾಟಿನಲ್ಲಿಡದೆ ಕೇಂದ್ರದ ಗೋಡೆಗೇ ತೂಗುಹಾಕಬಹುದು. ಎರಡೂ ಹೆಚ್ಚು ಖರ್ಚಿನ ಕೆಲಸಗಳಲ್ಲ, ಮುಂದಿನ ಮುಂಗಾರಿಗೇ ಶುರುಮಾಡಬಹುದಾದವು.