ಭೂಕಂಪ ಮಾಪನ: ಕಲಬುರಗಿ–ಕಮಲಾಪುರ ಸೀಮೆಯ ನೆಲದ ಲೆಕ್ಕ

ನೆಲದಾಳದಲ್ಲಿ ಬಂಡೆ ಬಿರಿದು ಜಾರಿದಾಗ ಹೊರಡುವ ಅಲೆಗಳನ್ನು ಉಪಕರಣಗಳಲ್ಲಿ ದಾಖಲಿಸಿ, ಬಿರಿದ ಜಾಗ, ಆಳ, ಹೊತ್ತು ಮತ್ತು ಬಲವನ್ನು ಲೆಕ್ಕ ಹಾಕುವ ವಿಧಾನಕ್ಕೆ ಭೂಕಂಪ ಮಾಪನ ಎನ್ನುತ್ತಾರೆ. ಬಂಡೆ ಮೊದಲು ಬಿರಿದ ಒಳಬಿಂದು ‘ನಾಭಿ’. ಅದರ ನೇರ ಮೇಲೆ ನೆಲದ ಮೇಲಿರುವ ಜಾಗ ‘ಅಧಿಕೇಂದ್ರ’.

ಕಲಬುರಗಿ ಸೀಮೆಯವರಿಗೆ ಇದು ದೂರದ ದೇಶದ ವಿಷಯವಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನ 3 ಗಂಟೆ 56 ನಿಮಿಷಕ್ಕೆ ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿ ಬಳಿ 6.2 ಪರಿಮಾಣದ ಭೂಕಂಪವಾಯಿತು. ಗಣೇಶ ವಿಸರ್ಜನೆ ಮುಗಿಸಿ ಮಲಗಿದ್ದವರ ಮೇಲೆ ಕಲ್ಲುಗೋಡೆ, ಮಣ್ಣಿನ ಮಾಳಿಗೆಗಳು ಕುಸಿದು ಸುಮಾರು 10 ಸಾವಿರ ಜನ ಸತ್ತರು. ನೇರ ಅಳತೆಯಲ್ಲಿ ಅದರ ಅಧಿಕೇಂದ್ರ ಕಲಬುರಗಿ ನಗರದಿಂದ ಸುಮಾರು 90 ಕಿ.ಮೀ., ಕಮಲಾಪುರದಿಂದ ಸುಮಾರು 80 ಕಿ.ಮೀ. ದೂರ. ಮುಂದೆ 2021ರ ಅಕ್ಟೋಬರ್‌ನಲ್ಲಿ ಕಲಬುರಗಿ ಜಿಲ್ಲೆಯದೇ ಆದ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದ ಸುತ್ತ ನೆಲದೊಳಗಿಂದ ಮೇಲಿಂದ ಮೇಲೆ ಸದ್ದು ಕೇಳಿಬಂತು, ಮನೆಗಳು ಅದುರಿದವು. ಅಕ್ಟೋಬರ್ 11ರ ರಾತ್ರಿಯ ಕಂಪನದ ಪರಿಮಾಣ 4.1. ಭಯಬಿದ್ದ ಹಲವರು ಊರು ಬಿಟ್ಟರು.

ಪತ್ತೆ ಹಚ್ಚುವುದು

ಹಳೆಯ ಭೂಕಂಪಮಾಪಕದ ತತ್ತ್ವ ಸರಳ. ಚೌಕಟ್ಟಿಗೆ ಸ್ಪ್ರಿಂಗಿನಿಂದ ಭಾರವೊಂದನ್ನು ತೂಗುಬಿಟ್ಟಿರುತ್ತಾರೆ. ನೆಲದ ಜೊತೆ ಚೌಕಟ್ಟು ಅಲುಗಿದರೂ ಜಡತ್ವದಿಂದಾಗಿ ಭಾರ ಇದ್ದಲ್ಲೇ ನಿಲ್ಲಲು ನೋಡುತ್ತದೆ. ಇವೆರಡರ ನಡುವಿನ ವ್ಯತ್ಯಾಸವೇ ನೆಲದ ಚಲನೆಯ ದಾಖಲೆ. ಈಗಿನ ಉಪಕರಣಗಳು ಈ ವ್ಯತ್ಯಾಸವನ್ನು ವಿದ್ಯುತ್ ಸಂಕೇತವಾಗಿ ಬದಲಿಸಿ, ಮೇಲೆ–ಕೆಳಗೆ, ಉತ್ತರ–ದಕ್ಷಿಣ, ಪೂರ್ವ–ಪಶ್ಚಿಮ ಎಂಬ ಮೂರು ದಿಕ್ಕುಗಳಲ್ಲಿ ಬರೆದಿಡುತ್ತವೆ. ಜಿಪಿಎಸ್ ಗಡಿಯಾರ ಪ್ರತಿ ಅಲೆಗೂ ಕರಾರುವಾಕ್ಕಾದ ವೇಳೆ ನಮೂದಿಸುತ್ತದೆ.

ಮಾಪಕವನ್ನು ಎಲ್ಲಿ ಕೂರಿಸಬೇಕು ಎಂಬುದು ಈ ಸೀಮೆಯಲ್ಲಿ ದೊಡ್ಡ ಪ್ರಶ್ನೆ. ಕಪ್ಪು ಎರೆಮಣ್ಣು ಮೆತ್ತಗಿರುವುದರಿಂದ ಅಲುಗಾಟವನ್ನು ಹಿಗ್ಗಿಸುತ್ತದೆ. ಹಾಗಾಗಿ ಅದರಡಿಯ ಗಟ್ಟಿ ಬಂಡೆಯವರೆಗೆ ತೋಡಿ, ಹೆದ್ದಾರಿ, ರೈಲು ಮತ್ತು ಪಂಪ್‌ಸೆಟ್‌ಗಳಿಂದ ದೂರದಲ್ಲಿ ಕೂರಿಸಬೇಕಾಗುತ್ತದೆ. ಇನ್ನೊಂದು ತೊಡಕು ಸುಣ್ಣದಕಲ್ಲಿನ ಗಣಿಗಳದು. ಸೇಡಂ, ವಾಡಿ, ಶಹಾಬಾದ್ ಕಡೆ ಕಲ್ಲು ಒಡೆಯಲು ಇಡುವ ಸ್ಫೋಟ ಸಣ್ಣ ಭೂಕಂಪದಂತೆಯೇ ದಾಖಲಾಗಬಲ್ಲದು. ಸ್ಫೋಟ ಬಂಡೆಯನ್ನು ಎಲ್ಲ ದಿಕ್ಕಿಗೂ ಹೊರಕ್ಕೆ ತಳ್ಳುತ್ತದೆ. ಭೂಕಂಪದಲ್ಲಿ ಬಂಡೆ ಜಾರುವುದರಿಂದ ಕೆಲವು ಕೇಂದ್ರಗಳಿಗೆ ಮೊದಲ ಅಲೆ ತಳ್ಳಾಗಿ, ಇನ್ನು ಕೆಲವಕ್ಕೆ ಸೆಳೆತವಾಗಿ ತಲುಪುತ್ತದೆ. ಇವೆರಡನ್ನು ಬೇರ್ಪಡಿಸುವ ಕೌಶಲಕ್ಕೆ ಕರ್ನಾಟಕದಲ್ಲೇ ಹೆಸರಾಂತ ಕೇಂದ್ರವಿದೆ. ದೂರದ ದೇಶಗಳ ಭೂಗತ ಅಣುಸ್ಫೋಟಗಳನ್ನು ಗುರುತಿಸಲು ಗೌರಿಬಿದನೂರಿನಲ್ಲಿ 1960ರ ದಶಕದಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದ ಮಾಪಕಗಳ ಸಾಲನ್ನು ಇಂಗ್ಲಿಷಿನ ‘ಎಲ್’ ಅಕ್ಷರದ ಆಕಾರದಲ್ಲಿ ಹೂಡಲಾಯಿತು.

ಜಾಗ ಗೊತ್ತುಮಾಡುವುದು

ಭೂಕಂಪದಿಂದ ಹೊರಡುವ ಅಲೆಗಳು ಒಂದೇ ವೇಗದವಲ್ಲ. ಮೊದಲು ಬರುವುದು ಪಿ ಅಲೆ. ಬಂಡೆಯನ್ನು ಒತ್ತುತ್ತ, ಹಿಗ್ಗಿಸುತ್ತ ಸೆಕೆಂಡಿಗೆ ಸುಮಾರು 6 ಕಿ.ಮೀ. ಸಾಗುತ್ತದೆ. ಹಿಂದೆ ಬರುವ ಎಸ್ ಅಲೆ, ಹಗ್ಗದ ತುದಿ ಹಿಡಿದು ಜಾಡಿಸಿದಂತೆ, ಬಂಡೆಯನ್ನು ಅಡ್ಡಡ್ಡಕ್ಕೆ ಅಲುಗಿಸುತ್ತದೆ. ಅದರ ವೇಗ ಸುಮಾರು 3.5 ಕಿ.ಮೀ. ಕೊನೆಗೆ ಬರುವವು ನೆಲದ ಮೈಯಲ್ಲೇ ಹರಿಯುವ ಮೇಲ್ಮೈ ಅಲೆಗಳು. ಈ ಮೂರನ್ನೂ ದಾಖಲೆಗಳಲ್ಲಿ ಸ್ಪಷ್ಟವಾಗಿ ಬೇರ್ಪಡಿಸಿ ತೋರಿಸಿದವರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯಲ್ಲಿದ್ದ ರಿಚರ್ಡ್ ಡಿಕ್ಸನ್ ಓಲ್ಡ್‌ಹ್ಯಾಮ್. ಅದಕ್ಕೆ ಆಧಾರವಾದದ್ದು 1897ರ ಅಸ್ಸಾಂ ಮಹಾಭೂಕಂಪ.

ಪಿ ಮತ್ತು ಎಸ್ ಅಲೆಗಳ ನಡುವಿನ ಅಂತರವೇ ದೂರದ ಕೀಲಿ. ಆ ಸೆಕೆಂಡುಗಳನ್ನು ಸುಮಾರು 8.4ರಿಂದ ಗುಣಿಸಿದರೆ ದೂರ ಕಿಲೋಮೀಟರಿನಲ್ಲಿ ಸಿಗುತ್ತದೆ. ಕಲಬುರಗಿಯಲ್ಲೂ ಕಮಲಾಪುರದಲ್ಲೂ ಒಂದೊಂದು ಮಾಪಕವಿದೆ ಎಂದಿಟ್ಟುಕೊಂಡು ಕಿಲ್ಲಾರಿಯ ಲೆಕ್ಕವನ್ನೇ ಹಾಕಬಹುದು. ಕಲಬುರಗಿಗೆ ಪಿ ಅಲೆ 15ನೇ ಸೆಕೆಂಡಿಗೆ, ಎಸ್ ಅಲೆ 26ನೇ ಸೆಕೆಂಡಿಗೆ ಬರುತ್ತದೆ. ಅಂತರ ಸುಮಾರು 11 ಸೆಕೆಂಡು, ಅಂದರೆ 90 ಕಿ.ಮೀ. ದೂರ. ಕಮಲಾಪುರದಲ್ಲಿ ಅಂತರ ಒಂಬತ್ತೂವರೆ ಸೆಕೆಂಡು, ದೂರ 80 ಕಿ.ಮೀ. ನಕಾಶೆಯ ಮೇಲೆ ಎರಡೂ ಊರುಗಳನ್ನು ಕೇಂದ್ರವಾಗಿಸಿ ಈ ಅಳತೆಯ ವೃತ್ತಗಳನ್ನು ಎಳೆದರೆ ಅವು ಎರಡು ಕಡೆ ಕೂಡುತ್ತವೆ: ಒಂದು ವಾಯವ್ಯಕ್ಕೆ ಕಿಲ್ಲಾರಿ ಬಳಿ, ಇನ್ನೊಂದು ಪೂರ್ವಕ್ಕೆ ತೆಲಂಗಾಣದ ತಾಂಡೂರು–ವಿಕಾರಾಬಾದ್ ನಡುವಿನ ನೆಲ. ಯಾವುದು ನಿಜ? ತೀರ್ಮಾನಕ್ಕೆ ಮೂರನೇ ಕೇಂದ್ರ ಬೇಕು. ಭೂಕಂಪ ತೆಲಂಗಾಣದಲ್ಲಾಗಿದ್ದರೆ ಹೈದರಾಬಾದಿನಲ್ಲೂ ಅಂತರ ಸುಮಾರು 11 ಸೆಕೆಂಡು ಇರಬೇಕು. ಕಿಲ್ಲಾರಿಯಲ್ಲಾಗಿದ್ದರೆ ಸುಮಾರು 27 ಸೆಕೆಂಡು. ಅಲ್ಲಿಗೆ ಸಂಶಯ ಕಳೆಯುತ್ತದೆ. ಇಂದು ಇದೇ ಕೆಲಸವನ್ನು ಹತ್ತಾರು ಕೇಂದ್ರಗಳ ದತ್ತಾಂಶ ಇಟ್ಟುಕೊಂಡು ಕಂಪ್ಯೂಟರ್ ನಿಮಿಷಗಳಲ್ಲಿ ಮಾಡುತ್ತದೆ.

ಆಳ ಮಾತ್ರ ಅಷ್ಟು ಸುಲಭಕ್ಕೆ ದಕ್ಕುವುದಿಲ್ಲ. ನೂರಾರು ಕಿ.ಮೀ. ದೂರದ ಕೇಂದ್ರಕ್ಕೆ ನಾಭಿ 3 ಕಿ.ಮೀ. ಕೆಳಗಿದ್ದರೂ 8 ಕಿ.ಮೀ. ಕೆಳಗಿದ್ದರೂ ಅಲೆ ಬರುವ ಹೊತ್ತಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣದು. ಇಂಥಲ್ಲಿ ಪಟ್ಟಿಗಳಲ್ಲಿ 10 ಕಿ.ಮೀ. ಎಂದು ತಾತ್ಕಾಲಿಕವಾಗಿ ನಮೂದಿಸುವ ರೂಢಿಯುಂಟು. ಮಾಪಕ ಅಧಿಕೇಂದ್ರದಲ್ಲೇ ಇದ್ದರೆ, ಪಿ–ಎಸ್ ಅಂತರ ಅರ್ಧ ಸೆಕೆಂಡು ಬಂದರೆ ಸಾಕು, ನಾಭಿ ಸುಮಾರು 4 ಕಿ.ಮೀ. ಆಳದಲ್ಲಿದೆ ಎಂದು ತಿಳಿಯುತ್ತದೆ. ಗಡಿಕೇಶ್ವಾರಕ್ಕೆ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ ಮತ್ತು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ತಜ್ಞರು ಬಂದು ತಾತ್ಕಾಲಿಕ ಮಾಪಕಗಳನ್ನು ಹೂಡಿದ್ದರ ಮಹತ್ವ ಇದೇ. ಮಳೆಗಾಲದ ನೀರು ಸುಣ್ಣದಕಲ್ಲಿನ ಸಂದುಗಳಲ್ಲಿ ಇಳಿದು ಒತ್ತಡ ಹೆಚ್ಚಿಸುವುದು ಇಂಥ ಸಣ್ಣ ಕಂಪನಗಳ ಸರಣಿಗೆ ಕಾರಣ ಎಂಬ ವಿವರಣೆಯನ್ನು ತಜ್ಞರು ಮುಂದಿಟ್ಟರು.

ಬಲ ಅಳೆಯುವುದು

ಪರಿಮಾಣ ಮತ್ತು ತೀವ್ರತೆ ಬೇರೆ ಬೇರೆ. ಪರಿಮಾಣ ಒಂದು ಭೂಕಂಪಕ್ಕೆ ಒಂದೇ. ಅದು ಮೂಲದಲ್ಲಿ ಹೊಮ್ಮಿದ ಬಲದ ಅಳತೆ. 1935ರಲ್ಲಿ ಕ್ಯಾಲಿಫೋರ್ನಿಯಾದ ಚಾರ್ಲ್ಸ್ ರಿಕ್ಟರ್ ರೂಪಿಸಿದ ಮಾಪನದಲ್ಲಿ ಒಂದು ಅಂಕಿ ಮೇಲೇರಿದರೆ ಅಲೆಯ ಎತ್ತರ 10 ಪಟ್ಟು, ಶಕ್ತಿ ಸುಮಾರು 32 ಪಟ್ಟು ಹೆಚ್ಚುತ್ತದೆ. ದೊಡ್ಡ ಭೂಕಂಪಗಳಿಗೆ ಈಗ ಬಳಸುವುದು ಬಿರಿದ ಬಂಡೆಯ ವಿಸ್ತಾರ, ಜಾರಿದ ದೂರ ಮತ್ತು ಬಂಡೆಯ ಗಡಸುತನವನ್ನು ಲೆಕ್ಕಕ್ಕೆ ಹಿಡಿಯುವ ‘ಮೊಮೆಂಟ್ ಪರಿಮಾಣ’. ಗಡಿಕೇಶ್ವಾರದ 4.1ಕ್ಕೂ ಕಿಲ್ಲಾರಿಯ 6.2ಕ್ಕೂ ಅಂಕಿಯಲ್ಲಿ ಎರಡರಷ್ಟೇ ಅಂತರ ಕಾಣುತ್ತದೆ. ಹೊಮ್ಮಿದ ಶಕ್ತಿಯಲ್ಲಿ ಅದು ಸುಮಾರು 1,400 ಪಟ್ಟು.

ತೀವ್ರತೆ ಊರಿಂದೂರಿಗೆ ಬದಲಾಗುತ್ತದೆ. ಮಲಗಿದ್ದವರು ಎದ್ದರೇ, ನೆಲುವಿನ ಪಾತ್ರೆ ಬಿದ್ದವೇ, ಗೋಡೆ ಬಿರಿಯಿತೇ ಎಂದು ಹಳ್ಳಿ ಹಳ್ಳಿ ತಿರುಗಿ ಕೇಳಿ, 12 ಹಂತಗಳ ಮಾಪನದಲ್ಲಿ ಗುರುತಿಸುತ್ತಾರೆ.

ಅಳತೆಯ ಮಿತಿ ಮತ್ತು ಉಪಯೋಗ

ಮುಂದಾಗುವ ಭೂಕಂಪದ ದಿನ, ಜಾಗ, ಬಲವನ್ನು ಯಾವ ಮಾಪಕವೂ ಮೊದಲೇ ಹೇಳದು. ಕಿಲ್ಲಾರಿ ಸುತ್ತ 1992ರಲ್ಲೇ ಸಣ್ಣ ಕಂಪನಗಳ ಸರಣಿ ಕಂಡಿತ್ತು. ಆದರೆ ಅಂಥ ಸರಣಿಗಳಲ್ಲಿ ಬಹುಪಾಲು ದೊಡ್ಡ ಭೂಕಂಪವಿಲ್ಲದೆಯೇ ಅಡಗುತ್ತವೆ. ಹಾಗಾಗಿ ಮುನ್ಸೂಚನೆ ಕೊಡುವುದು ಈ ದಾಖಲೆಗಳ ಉಪಯೋಗವಲ್ಲ, ಅಪಾಯದ ನಕಾಶೆ ತಿದ್ದುವುದು. 1993ರಲ್ಲಿ ಕಿಲ್ಲಾರಿ ಅತಿ ಕಡಿಮೆ ಅಪಾಯದ 1ನೇ ವಲಯದಲ್ಲಿತ್ತು. 2002ರ ಪರಿಷ್ಕರಣೆಯಲ್ಲಿ ಆ ವಲಯವನ್ನೇ ಕೈಬಿಟ್ಟು, ಕಿಲ್ಲಾರಿ ಪ್ರದೇಶವನ್ನು 3ನೇ ವಲಯಕ್ಕೆ ಸೇರಿಸಲಾಯಿತು.

ನಕಾಶೆ ತಿದ್ದಿದ್ದು ಮನೆ ಕಟ್ಟುವವರವರೆಗೆ ಮುಟ್ಟಬೇಕು. ಕಿಲ್ಲಾರಿಯಲ್ಲಿ ಬಿದ್ದದ್ದು ಬಹುತೇಕ ಮಣ್ಣಿನಿಂದ ಮೆತ್ತಿದ ದಪ್ಪ ಕಲ್ಲುಗೋಡೆ. ಹೊರಮೈ, ಒಳಮೈ ಎರಡು ಸಾಲಾಗಿ ಕಟ್ಟಿ ನಡುವೆ ಚೂರುಗಲ್ಲು ತುಂಬಿದ್ದರಿಂದ ನೆಲ ಅಲುಗಿದೊಡನೆ ಸಾಲುಗಳು ಬೇರ್ಪಟ್ಟು ಮೇಲಿನ ಮಣ್ಣಿನ ಭಾರ ಕೆಳಗಿಳಿಯಿತು. ಗೋಡೆಯ ಇಡೀ ದಪ್ಪಕ್ಕೆ ಹಾಯುವ ಉದ್ದಗಲ್ಲುಗಳನ್ನು ಅಲ್ಲಲ್ಲಿ ಕೂರಿಸುವುದು, ಬಾಗಿಲು–ಕಿಟಕಿಗಳ ಮೇಲುಮಟ್ಟದಲ್ಲಿ ಮನೆಯ ಸುತ್ತ ಕಬ್ಬಿಣದ ಸರಳಿನ ಕಾಂಕ್ರೀಟ್ ಪಟ್ಟಿ ಕೊಡುವುದು, ಮಾಳಿಗೆಯ ಮಣ್ಣು ತೆಳುಮಾಡುವುದು: ಈ ಮೂರು ಕೆಲಸ ಕಮಲಾಪುರದ ಗೌಂಡಿಗೂ ಕಷ್ಟವಲ್ಲ, ಹಳೆಯ ಕಲ್ಲುಮನೆಗಳಿರುವ ಕಲಬುರಗಿಯ ಓಣಿಗಳಿಗೂ ಹೊಂದುತ್ತವೆ.