ದುಡ್ಡೇ ದೊಡ್ಡಪ್ಪ, ಮುಂದೆ?

ನಮ್ಮ ಬೇರಿಕೆ ಸೀಮೆಯಲ್ಲಿ ಪದೇ ಪದೇ ಕಿವಿಗೆ ಬೀಳುವ ಗಾದೆ ‘ದುಡ್ಡೇ ದೊಡ್ಡಪ್ಪ’. ಸಂತೆಯಲ್ಲೂ ಇದೇ ಮಾತು, ಮದುವೆ ಮಾತುಕತೆಯಲ್ಲೂ ಇದೇ ಮಾತು. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಷ್ಟು ಕಾಲವೂ ಕೌಂಟರಿನ ಆಚೆಯಿಂದ ಇದನ್ನು ಕೇಳಿದ್ದೇನೆ. ಆ ದುಡ್ಡು ಯಾವುದು, ಆ ದೊಡ್ಡಪ್ಪ ಯಾರು ಎಂದು ಇಂದು ಸ್ವಲ್ಪ ವಿಚಾರಿಸೋಣ.

ಈಗ ನಮಗೆ ಹತ್ತು ರೂಪಾಯಿಯೂ ದುಡ್ಡೇ, ಹತ್ತು ಕೋಟಿಯೂ ದುಡ್ಡೇ. ಹಿಂದೆ ಹಾಗಿರಲಿಲ್ಲ. ದುಡ್ಡು ಎಂಬುದು ಒಂದು ತಾಮ್ರದ ನಾಣ್ಯದ ಹೆಸರು. ಪುಲಿಕಾಟ್, ನಾಗಪಟ್ಟಣಗಳಲ್ಲಿ ವ್ಯಾಪಾರ ಮಾಡುತ್ತಿದ್ದ ಡಚ್ಚರ ‘ಡಾಯ್ಟ್’ ಎಂಬ ತಾಮ್ರದ ಕಾಸಿನಿಂದ ಈ ಹೆಸರು ಬಂತು ಎನ್ನುವ ವಿದ್ವಾಂಸರೂ ಇದ್ದಾರೆ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಹೊಸೂರು ಭಾಗ ಈಸ್ಟ್ ಇಂಡಿಯಾ ಕಂಪನಿಗೆ ಸೇರಿತು. ಮೈಸೂರು ಒಡೆಯರ ಪಾಲಿಗೆ ಬಂತು. ನಮ್ಮ ಊರುಗಳ ಪಕ್ಕದಲ್ಲೇ ಗಡಿ ಬಿತ್ತು. ಆದರೆ ಕಾಸಿನ ಲೆಕ್ಕ ಎರಡೂ ಕಡೆ ನಡೆಯಿತು. ಮದರಾಸಿಗಾಗಿ ಕಂಪನಿ 20 ಕಾಸಿನ ತಾಮ್ರದ ನಾಣ್ಯ ಮಾಡಿಸಿತು. ಮುಮ್ಮಡಿ ಕೃಷ್ಣರಾಜ ಒಡೆಯರ ನಾಣ್ಯದ ಮೇಲೆ ‘ಮಯಿಲಿ ಕಾಸು’ ಎಂದು ಕನ್ನಡದಲ್ಲಿ ಬರೆದು, 20 ಕಾಸು ಎಂದು ಇಂಗ್ಲಿಷಿನಲ್ಲೂ ಅಚ್ಚು ಹಾಕಿದ್ದರು. ಕಂಪನಿಯ ನಾಣ್ಯಗಳನ್ನು ಹೊತ್ತು ಬರುತ್ತಿದ್ದ ‘ಅಡ್ಮಿರಲ್ ಗಾರ್ಡ್ನರ್’ ಎಂಬ ಹಡಗು 1809ರ ಜನವರಿಯಲ್ಲಿ ಇಂಗ್ಲೆಂಡಿನ ತೀರದಲ್ಲೇ ಮುಳುಗಿತು. ನಮ್ಮ ಕಡೆಯ ಸಂತೆಗಳಿಗೆ ಬರಬೇಕಿದ್ದ ಕಾಸುಗಳನ್ನು 1980ರ ದಶಕದಲ್ಲಿ ಸಮುದ್ರದಿಂದ ಮೇಲೆತ್ತಿದರು.

ಮದರಾಸಿನ ಹಳೆಯ ಲೆಕ್ಕ ಹೀಗಿತ್ತು: 20 ಕಾಸಿಗೆ ಒಂದು ದುಡ್ಡು, 4 ದುಡ್ಡಿಗೆ ಒಂದು ಪಣ, 42 ಪಣಕ್ಕೆ ಒಂದು ವರಾಹ. 1818ರಲ್ಲಿ ಮದರಾಸಿನಲ್ಲಿ ರೂಪಾಯಿ ಲೆಕ್ಕ ಬಂತು. ಆಗ 48 ದುಡ್ಡು ಸೇರಿದರೆ ಒಂದು ರೂಪಾಯಿ, ಮೂರು ದುಡ್ಡಿಗೆ ಒಂದು ಆಣೆ. 1957ರ ಏಪ್ರಿಲ್ 1ರಂದು ನಯಾಪೈಸೆ ಬಂದು ಆಣೆ, ಪೈಗಳ ಲೆಕ್ಕವೂ ಮುಗಿಯಿತು. ನಾಣ್ಯ ಹೋಯಿತು; ಹೆಸರು ಮಾತ್ರ ದೊಡ್ಡದಾಗಿ ಉಳಿಯಿತು.

ಮೂರು ಭಾಷೆಯ ನಡುವೆ ಬಾಳುವ ನಮಗೆ ಇದು ಬೇಗ ತಿಳಿಯುತ್ತದೆ. ತೆಲುಗಿನವರ ‘ಡಬ್ಬು’ ಕೂಡ ಅದೇ 20 ಕಾಸಿನ ತಾಮ್ರದ ನಾಣ್ಯ. ತಮಿಳಿನ ‘ತುಟ್ಟು’ ನಮ್ಮ ದುಡ್ಡಿನ ದಾಯಾದಿ. ಕನ್ನಡದ ಹಣ, ತಮಿಳಿನ ಪಣಂ, ಎರಡೂ ಮೊದಲು ಒಂದು ಸಣ್ಣ ಚಿನ್ನದ ನಾಣ್ಯ. ಇವೆಲ್ಲ ಇಂದು ಇಡೀ ಸಂಪತ್ತಿನ ಹೆಸರುಗಳು. ಕಾಸು ಮಾತ್ರ ತನ್ನ ಹಳೆಯ ಅರ್ಥವನ್ನೂ ಉಳಿಸಿಕೊಂಡಿದೆ. ‘ಬಿಡಿಗಾಸು’, ‘ಮೂರು ಕಾಸಿನ ಮನುಷ್ಯ’ ಎನ್ನುವಾಗ ಅದು ಇನ್ನೂ ಚಿಲ್ಲರೆಯೇ.

ಇನ್ನು ದೊಡ್ಡಪ್ಪನ ವಿಷಯ. ಗಾದೆ ಪೂರ್ತಿಯಾಗಿ ಇರುವುದು ಹೀಗೆ: ‘ದುಡ್ಡೇ ದೊಡ್ಡಪ್ಪ, ವಿದ್ಯೆ ಅದರಪ್ಪ.’ ಕೆಲವರು ‘ಬುದ್ಧಿ ಅವರಪ್ಪ’ ಎನ್ನುವುದೂ ಉಂಟು. ಕೂಡು ಕುಟುಂಬದಲ್ಲಿ ದೊಡ್ಡಪ್ಪನ ಮಾತೇ ಮಾತು. ಆದರೆ ಜಗಲಿಯ ಮೇಲಿನ ತಾತ ಒಮ್ಮೆ ಕೆಮ್ಮಿದರೆ ದೊಡ್ಡಪ್ಪನೂ ಎದ್ದು ನಿಲ್ಲುತ್ತಾನೆ. ಗಾದೆ ಹೇಳುವ ವರಸೆ ಇದು. ದುಡ್ಡು ಮನೆ ನಡೆಸಲಿ, ಅದನ್ನು ನಡೆಸುವುದು ವಿದ್ಯೆ. ನಾವು ತಾತನನ್ನು ಬಿಟ್ಟು ದೊಡ್ಡಪ್ಪನನ್ನೊಬ್ಬನನ್ನೇ ಉಳಿಸಿಕೊಂಡೆವು. ಹಾಗಾಗಿ ವಿದ್ಯೆಯನ್ನು ಹೊಗಳುವ ಗಾದೆ ದುಡ್ಡನ್ನು ಹೊಗಳುವ ಗಾದೆಯಾಯಿತು. ತಮಿಳಿನ ‘ಪಣಂ ಪತ್ತುಂ ಸೆಯ್ಯುಂ’ ಎಂಬ ಮಾತಿಗೆ ಜೋಡಿಯಾಯಿತು.

ಬಂಧುಗಳೇ, ಹೆಬ್ಬೆಟ್ಟು ಒತ್ತಿ ತಮ್ಮದೇ ಹಣ ಪಡೆದು, ಪಾಸ್‌ಬುಕ್ಕಿನಲ್ಲಿ ಎಷ್ಟು ಉಳಿದಿದೆ ಎಂದು ಪಕ್ಕದವರನ್ನು ಕೇಳುತ್ತಿದ್ದ ತಾಯಂದಿರನ್ನು ನಾನು ಎಷ್ಟೋ ಮಂದಿ ನೋಡಿದ್ದೇನೆ. ದುಡ್ಡು ಅವರದು, ಲೆಕ್ಕ ಇನ್ನೊಬ್ಬರದು. ವಿದ್ಯೆ ದುಡ್ಡಿಗೆ ಅಪ್ಪ ಎಂಬ ಮಾತು ಎಷ್ಟು ನಿಜವೆಂದು ಅವರಿಗೆ ಗೊತ್ತಿತ್ತು. ನಮ್ಮ ಮಕ್ಕಳು ಶಾಲೆಯಲ್ಲಿ ಯಾವ ಭಾಷೆ ಓದಿದರೂ ಮನೆಯಲ್ಲಿ ಕನ್ನಡದ ನಾಲ್ಕು ಅಕ್ಷರ ಕಲಿಯಲಿ. ಅವರಿಗೆ ಈ ಗಾದೆ ಹೇಳುವಾಗ ಅರ್ಧಕ್ಕೆ ನಿಲ್ಲಿಸದೆ ಪೂರ್ತಿ ಹೇಳಿ.