ಬಾರಾಮಹಲಿನ ಭೂಮಿಲೆಕ್ಕ

ನಮ್ಮ ಸೀಮೆಯ ಚರಿತ್ರೆಯೆಂದೊಡನೆ ಕೋಟೆ, ಕಾಳಗ, ವೀರಗಲ್ಲುಗಳನ್ನು ಸ್ಮರಿಸುವುದು ರೂಢಿ. ಊರೂರಿನ ಭೂಮಿಯ ಲೆಕ್ಕವೂ ಚರಿತ್ರೆಯೇ. ಆ ಲೆಕ್ಕವನ್ನು ಬರೆದವರಾರು, ಯಾವ ನುಡಿಯಲ್ಲಿ ಬರೆದರು, ಅದನ್ನು ಓದಬಲ್ಲವರಾರಿದ್ದರು ಎಂಬ ವಿಚಾರವನ್ನು ವಾಚಕರ ಅವಗಾಹನೆಗೆ ತರಲು ಇಚ್ಛಿಸುತ್ತೇವೆ.

ಮೈಸೂರು ರಾಜ್ಯದ ಶ್ಯಾನುಭೋಗರು ಲೆಕ್ಕವನ್ನು ಕಡತದಲ್ಲಿ ಬರೆಯುತ್ತಿದ್ದರು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಚಿ, ಬಳಪದಿಂದ ಬರೆಯುತ್ತಿದ್ದ ಕಪ್ಪು ಪುಸ್ತಕವದು. ಬರೆದುದನ್ನು ಅಳಿಸಿ ಮತ್ತೆ ಬರೆಯಬಹುದಾಗಿತ್ತು. ಇದರಲ್ಲಿ ಅನುಕೂಲವಿದ್ದಂತೆ ಅಪಾಯವೂ ಇತ್ತೆಂಬುದನ್ನು ಒಪ್ಪಲೇಬೇಕು. ಇಂದು ಕಚೇರಿಯ ಫೈಲಿಗೆ ನಾವು ಕಡತವೆನ್ನುವುದು ಆ ಬಟ್ಟೆಯ ನೆನಪಿನಿಂದಲೇ.

1792ರ ಶ್ರೀರಂಗಪಟ್ಟಣದ ಒಪ್ಪಂದದಂತೆ ಟೀಪೂ ಸುಲ್ತಾನನು ಬಾರಾಮಹಲನ್ನೂ ಸೇಲಂ ಸೀಮೆಯನ್ನೂ ಇಂಗ್ಲಿಷರ ಕಂಪೆನಿಗೆ ಬಿಟ್ಟುಕೊಟ್ಟನು. ಹೊಸೂರು ಭಾಗವು 1799ರಲ್ಲಿ ಬಂದು ಸೇರಿತು. ಮದರಾಸಿನ ನಾಗರಿಕ ಅಧಿಕಾರಿಗಳಲ್ಲಿ ದೇಶಭಾಷೆ ಬಲ್ಲವರು ವಿರಳವಾಗಿದ್ದುದರಿಂದ, ಗವರ್ನರ್ ಜನರಲ್ ಕಾರ್ನ್‌ವಾಲಿಸನು ಈ ನಾಡನ್ನು ಸೈನಿಕರ ವಶಕ್ಕೆ ಕೊಟ್ಟನು. ಅಲೆಕ್ಸಾಂಡರ್ ರೀಡನು ಮುಖ್ಯಸ್ಥ; ಗ್ರಹಾಂ, ಮ್ಯಾಕ್ಲೌಡ್, ಧರ್ಮಪುರಿಯಲ್ಲಿದ್ದ ಥಾಮಸ್ ಮನ್ರೋ ಇವರು ಸಹಾಯಕರು. ಆಳುವವನಿಗೆ ಆಳಿಸಿಕೊಳ್ಳುವವರ ನುಡಿ ತಿಳಿದಿರಬೇಕೆಂಬ ಈ ವಿವೇಕವು ಪರದೇಶದವರಿಗೂ ಅಂದೇ ಹೊಳೆದಿತ್ತು!

ಇವರು ಊರಿಂದೂರಿಗೆ ತಿರುಗಿ ಹೊಲಗಳನ್ನು ಅಳೆಯಿಸಿದರು. ಮಣ್ಣು, ಬೆಳೆ, ನೀರು, ಜನ, ಕರಗಳನ್ನು ಬರೆಯಿಸಿದರು. ಮೊದಲು ಗುತ್ತಿಗೆಯ ಆಲೋಚನೆಯಿದ್ದ ರೀಡನು ಕ್ರಮೇಣ ಮನಸ್ಸು ಬದಲಿಸಿ, ರೈತನು ತನಗೆ ಬೇಕಾದ ಹೊಲವನ್ನು ಇಟ್ಟುಕೊಂಡು ಬೇಡವಾದುದನ್ನು ಬಿಡಬಹುದೆಂದು 1796ರಲ್ಲಿ ಸಾರಿದನು. ರೈತವಾರಿ ಪದ್ಧತಿಯು ರೂಪುಗೊಂಡದ್ದು ಹೀಗೆ, ನಮ್ಮ ಈ ನೆಲದಲ್ಲಿ. ಮನ್ರೋ ಅದನ್ನು ದತ್ತಮಂಡಲಗಳಿಗೆ ಕೊಂಡೊಯ್ದನು. 1820ರಲ್ಲಿ ಮದರಾಸಿನ ಗವರ್ನರನಾದ ಮೇಲೆ ಇನ್ನಷ್ಟು ಹರಡಿದನು. ಇದು ರೈತನ ಮೇಲಣ ಕರುಣೆಯಿಂದ ಹುಟ್ಟಿದ್ದೆಂದು ಯಾರೂ ಭ್ರಮಿಸಬಾರದು. ಕಂದಾಯವೇ ಗುರಿ; ದತ್ತಮಂಡಲಗಳಲ್ಲಿ ತಾನೇ ವಿಧಿಸಿದ್ದ ತೆರಿಗೆಯು ಭಾರವೆಂದು 1807ರಲ್ಲಿ ಮನ್ರೋವೇ ಶೇಕಡಾ 25ರಷ್ಟು ಇಳಿಸಲು ಶಿಫಾರಸು ಮಾಡಬೇಕಾಯಿತು.

ಇವರ ಬರಹಗಳೆಲ್ಲ 'ಬಾರಾಮಹಲ್ ರೆಕಾರ್ಡ್ಸ್' ಎಂಬ ಹೆಸರಿನಿಂದ 1907ರಲ್ಲಿ ಮೊದಲ್ಗೊಂಡು ಮದರಾಸಿನ ಸರ್ಕಾರಿ ಮುದ್ರಣಾಲಯದಲ್ಲಿ ಅಚ್ಚಾದವು. ಹೊಲ ಅಳೆಯಿಸಿಕೊಂಡವರು ಗತಿಸಿ ಹಲವು ತಲೆಮಾರುಗಳಾಗಿದ್ದವು, ಅಚ್ಚಾದದ್ದಾದರೂ ಇಂಗ್ಲಿಷಿನಲ್ಲಿ.

ಮುಂದಿನದನ್ನು ಚುಟುಕಾಗಿ ಹೇಳುವೆವು. 1965ರಲ್ಲಿ ಸೇಲಮಿನಿಂದ ಧರ್ಮಪುರಿ, 2004ರಲ್ಲಿ ಧರ್ಮಪುರಿಯಿಂದ ಹೊಸೂರನ್ನೊಳಗೊಂಡ ಕೃಷ್ಣಗಿರಿ ಬೇರೆ ಜಿಲ್ಲೆಗಳಾದವು. ತಮಿಳುನಾಡಿನಲ್ಲಿ ವಂಶಪಾರಂಪರ್ಯದ ಕರಣಿಕೆಯು 1980ರಲ್ಲಿ ರದ್ದಾಯಿತು. ಅನಂತರ ಕಂಪ್ಯೂಟರು ಬಂದಿತು. ಕರ್ನಾಟಕದಲ್ಲಿ 'ಭೂಮಿ' ಯೋಜನೆಯು ಈ ಶತಮಾನದ ಆರಂಭದೊಳಗೆ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಯಂತ್ರಕ್ಕೇರಿಸಿತು. ತಮಿಳುನಾಡಿನಲ್ಲಿಯೂ ಪಟ್ಟಾ, ಚಿಟ್ಟಾಗಳು ಅಂತರ್ಜಾಲದಲ್ಲಿ ದೊರೆಯುತ್ತಿವೆ. ಕಚೇರಿಯ ಬಾಗಿಲು ಕಾಯುವ ಕಷ್ಟ ತಗ್ಗಿರುವುದು ಸಂತೋಷದ ಸಂಗತಿ. ಆದರೆ ಅತ್ತಿಬೆಲೆಯಾಚೆಯ ರೈತನು ತನ್ನ ಪಹಣಿಯನ್ನು ಕನ್ನಡದಲ್ಲಿ ಓದುತ್ತಾನೆ; ಈಚೆಯ ಕನ್ನಡ ರೈತನಿಗೆ ಆ ಭಾಗ್ಯವಿಲ್ಲ.

ಭಾಷಾ ಅಲ್ಪಸಂಖ್ಯಾತರಿಗೆ 1956ರಲ್ಲಿ ಒಪ್ಪಿದ ರಕ್ಷಣೆಗಳಲ್ಲಿ, ಶೇಕಡಾ 15ರಿಂದ 20ರಷ್ಟು ಜನರು ಆಡುವ ನುಡಿಯಲ್ಲಿಯೂ ಸರ್ಕಾರದ ಮುಖ್ಯ ಪ್ರಕಟಣೆಗಳು ಆಯಾ ಪ್ರದೇಶದಲ್ಲಿ ಹೊರಡಬೇಕೆಂದಿದೆ. ಪಟ್ಟಾವೂ ಈ ಮಾತಿನೊಳಗೆ ಸೇರತಕ್ಕುದೆಂದು ನಮ್ಮ ಅಭಿಪ್ರಾಯ. ತಮಿಳಿನೊಡನೆ ನಮಗೆ ವೈರವಿಲ್ಲ. ಅದರ ಪಕ್ಕದಲ್ಲಿ ಎರಡು ಸಾಲು ಕನ್ನಡವನ್ನು ಬೇಡುತ್ತಿದ್ದೇವೆ, ಅಷ್ಟೆ. ಅಕ್ಷರ ಬದಲಿಸುವುದು ಯಂತ್ರಕ್ಕೆ ಭಾರವಾದ ಕೆಲಸವೂ ಅಲ್ಲ.

ಕಳೆದ ಬೇಸಗೆಯಲ್ಲಿ ವೃದ್ಧ ರೈತರೊಬ್ಬರು ಅಚ್ಚುಮಾಡಿಸಿದ ಪಟ್ಟಾವನ್ನು ಹಿಡಿದು ನಮ್ಮ ಮನೆಗೆ ಬಂದಿದ್ದರು. ಕನ್ನಡ ಶಾಲೆಯಲ್ಲಿ ನಾಲ್ಕನೆಯ ತರಗತಿ ಓದಿದವರು. ಪತ್ರಿಕೆಯನ್ನು ತಡವಿಲ್ಲದೆ ಓದಬಲ್ಲವರು. ಕಾಗದವನ್ನು ನಮ್ಮ ಮುಂದೆ ಹರಡಿ, "ಮೇಷ್ಟ್ರೇ, ಇದ್ರಾಗೆ ನಮ್ಮಪ್ಪನ ಹೆಸರು ಎಲ್ಲೈತೆ, ತೋರ್ಸಿ" ಎಂದರು. ನಾವು ಬೆರಳಿಟ್ಟು ತೋರಿಸಿದೆವು. ಆ ಎಡೆಯನ್ನು ಅವರು ಪೆನ್ಸಿಲಿನಿಂದ ಗುರುತಿಸಿ, ಪಕ್ಕದಲ್ಲಿ ತಂದೆಯ ಹೆಸರನ್ನು ತಾವೇ ಕನ್ನಡದಲ್ಲಿ ಬರೆದುಕೊಂಡು ಹೋದರು.